ಇತರೆ

ಪೆಟ್ಟಿಗೆ ಕೂಗಿಕೊಂಡದ್ದು ಜೂನ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ. ಶೈಲಜಮ್ಮ ಆಗ ಗಂಡನಿಗೆ ಗಂಜಿ ಕುಡಿಸುತ್ತಿದ್ದರು. ಬೀದಿಯಲ್ಲಿ ಯಾರೋ ಕಾರು ಹಿಂದಕ್ಕೆ ತೆಗೆಯುತ್ತಿದ್ದಾರೆ ಎಂದುಕೊಂಡರು. ಕಾರು ಎಷ್ಟು ಹೊತ್ತು ಹಿಂದಕ್ಕೆ ಬಂದೀತು? ಸದ್ದು ನಿಲ್ಲಲಿಲ್ಲ. ಅಷ್ಟರಲ್ಲಿ ವೃಷಭೇಂದ್ರಪ್ಪ ಚಮಚವನ್ನು ಎಡಗೈಯಿಂದ ತಳ್ಳಿ, ಮುಂದಿನ ಕೋಣೆಯ ಕಡೆ ಕತ್ತು ತಿರುಗಿಸಿ, "ಅದೇ, ಅದೇ, ಅದೇ" ಎಂದರು.

ಮಾರ್ಚಿನಲ್ಲಿ ಲಕ್ವ ಹೊಡೆದ ಮೇಲೆ ಅವರ ಬಾಯಲ್ಲಿ ಉಳಿದದ್ದು ಆ ಒಂದೇ ಮಾತು. ಕಾಫಿ ಬೇಕಾದರೂ ಅದೇ, ಬೇಡವಾದರೂ ಅದೇ. ನೋವಾದರೂ ಅದೇ, ಯಾರಾದರೂ ನೋಡಲು ಬಂದು ಸಂತೋಷವಾದರೂ ಅದೇ. ಬಲಗೈ, ಬಲಗಾಲು ಸ್ವಾಧೀನದಲ್ಲಿರಲಿಲ್ಲ. ಡಾಕ್ಟರು ಶೈಲಜಮ್ಮನನ್ನು ಆಚೆ ಕರೆದು ಹೇಳಿದ್ದರು: "ಅವ್ರು ತಲೆ ಆಡ್ಸೋದನ್ನ ಪೂರ್ತಿ ನಂಬ್ಬೇಡಿ. ಹೌದು ಅನ್ನೋ ಕಡೆ ಇಲ್ಲ ಅಂತಾರೆ. ಸುಮ್ಸುಮ್ನೆ ಅಳು ಬರತ್ತೆ, ಸಿಟ್ಟು ಬರತ್ತೆ. ಅದೆಲ್ಲ ಕಾಯಿಲೇದು, ಮನಸಿಗೆ ಹಚ್ಕೋಬೇಡಿ."

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟ ಶೈಲಜಮ್ಮನಿಗೆ ಹೇಳಿದ್ದನ್ನು ಹೇಳಿದಂತೆ ಪಾಲಿಸಿ ಅಭ್ಯಾಸ. ಆ ಮಾತನ್ನು ಅವರು ಗಟ್ಟಿಯಾಗಿ ಹಿಡಿದುಕೊಂಡರು.

ಕೂಗುತ್ತಿದ್ದ ಪೆಟ್ಟಿಗೆ ಇದ್ದದ್ದು ಮಗಳ ಕೋಣೆಯಲ್ಲಿ. ಶರಣ್ಯ ಹನ್ನೆರಡು ವರ್ಷದ ಹಿಂದೆ, ಇಪ್ಪತ್ತು ತುಂಬಿದ ತಿಂಗಳಲ್ಲೇ ಡೆಂಗಿಯಲ್ಲಿ ಹೋದಳು. ಐದು ದಿನದ ಜ್ವರ, ಅಷ್ಟೆ. ಶಿವಗಣಾರಾಧನೆ ಮುಗಿದ ಮರುವಾರವೇ ವೃಷಭೇಂದ್ರಪ್ಪ ಅಟ್ಟದಿಂದ ಹಳೆಯ ವೀಡಿಯೊ ಕ್ಯಾಸೆಟ್ಟುಗಳನ್ನೆಲ್ಲ ಇಳಿಸಿದ್ದರು. ಅವರಿಗೆ ಪೇಟೆಯಲ್ಲಿ ಕಾಗದ, ನೋಟ್‌ಬುಕ್ಕುಗಳ ಸಗಟು ಅಂಗಡಿಯಿತ್ತು. ಅಂಗಡಿಯಷ್ಟೇ ಪ್ರೀತಿ ಕ್ಯಾಮರಾ ಮೇಲೂ ಇತ್ತು. ಎಂಬತ್ತೆಂಟರಲ್ಲಿ ಕೊಂಡ ಮೊದಲ ಕ್ಯಾಮರಾದಿಂದ ಹಿಡಿದು ಮನೆಯ ಪ್ರತಿ ಹಬ್ಬ, ಪ್ರತಿ ಹುಟ್ಟಿದಹಬ್ಬ, ಮಗು ಮಗ್ಗುಲಾದದ್ದು, ಹೊಸಿಲು ದಾಟಿದ್ದು, ಎಲ್ಲವೂ ಆ ಕ್ಯಾಸೆಟ್ಟುಗಳಲ್ಲಿತ್ತು. ಒಂದೊಂದನ್ನೇ ಓಡಿಸಿ ಕಂಪ್ಯೂಟರಿಗೆ ಹಾಕಿದರು; ಬೂಷ್ಟು ಹಿಡಿದ ಆ ಟೇಪುಗಳು ಮತ್ತೊಮ್ಮೆ ಓಡುವಂತಿರಲಿಲ್ಲ. ಅಂಗಡಿ ಮುಚ್ಚಿದ ಮೇಲೆ ಅದೇ ಅವರ ಉದ್ಯೋಗವಾಯಿತು. ಐದು ಹಾರ್ಡ್ ಡಿಸ್ಕು ಹಿಡಿಯುವ ಕಪ್ಪು ಪೆಟ್ಟಿಗೆಯೊಂದನ್ನು ತಂದು ಮಗಳ ಓದುವ ಮೇಜಿನ ಮೇಲಿಟ್ಟರು. ಅದು ಹಗಲೂ ರಾತ್ರಿ ಸಣ್ಣಗೆ ಗುಂಯ್ ಎನ್ನುತ್ತಿತ್ತು.

ಶೈಲಜಮ್ಮ ಆ ಕೋಣೆಗೆ ಕಸ ಗುಡಿಸುವುದಕ್ಕೆ ಬಿಟ್ಟರೆ ಹೋಗುತ್ತಿರಲಿಲ್ಲ. ಒಂದು ದಿನವೂ ಆ ವೀಡಿಯೊಗಳನ್ನು ನೋಡಲಿಲ್ಲ. ಸತ್ತ ಮಗು ಪರದೆಯ ಮೇಲೆ ನಗುವುದನ್ನು ನೋಡಿಕೊಂಡು ಈ ಮನುಷ್ಯ ಹೇಗೆ ಊಟ ಮಾಡುತ್ತಾರೆ ಎಂದು ಒಳಗೊಳಗೇ ಸಿಟ್ಟಿತ್ತು. ಊಟಕ್ಕೆ ಕೂತಾಗ ಅವರು, "ಶೈಲಾ, ಒಂದೇ ಪೆಟ್ಟಿಗೇಲಿದ್ರೆ ಸಾಲ್ದು ಕಣೆ. ಮೂರು ಕಾಪಿ ಇರ್ಬೇಕು, ಒಂದು ಬೇರೆಯವ್ರ ಮನೇಲಿರ್ಬೇಕು. ಬೆಂಕಿ ಬಿತ್ತು, ನೀರು ನುಗ್ತು ಅಂದ್ರೆ?" ಎಂದು ಶುರುಮಾಡಿದರೆ, ಶೈಲಜಮ್ಮ ಸಾರಿನ ಪಾತ್ರೆ ತರುವ ನೆಪದಲ್ಲಿ ಎದ್ದುಬಿಡುತ್ತಿದ್ದರು. ಹಾಗಾಗಿ ಅವರ ಲೆಕ್ಕಾಚಾರ ಏನು, ಎಷ್ಟು ಮುಗಿದಿದೆ, ಯಾವುದು ಬಾಕಿ, ಒಂದೂ ಇವರ ಕಿವಿಗೆ ಬಿದ್ದಿರಲಿಲ್ಲ.

ಅಂದು ಬೇರೆ ದಾರಿ ಕಾಣದೆ ವಾಣಿಗೆ ಫೋನ್ ಮಾಡಿದರು. ವಾಣಿ ಅವರ ಹಳೆಯ ವಿದ್ಯಾರ್ಥಿನಿ. ಈಗ ನಲವತ್ತರ ಹೆಂಗಸು, ಇವರಿದ್ದ ಚಾಮರಾಜಪೇಟೆಯಲ್ಲೇ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಳು. ಬಂದವಳು ಮೊದಲು ಪೆಟ್ಟಿಗೆಯ ಕೂಗು ನಿಲ್ಲಿಸಿದಳು. ವೃಷಭೇಂದ್ರಪ್ಪನವರ ಲ್ಯಾಪ್‌ಟಾಪ್ ತೆರೆದು ಸುಮಾರು ಹೊತ್ತು ಏನೇನೋ ನೋಡಿದಳು. ಮುಖ ಸಪ್ಪಗಾಯಿತು.

"ಮಿಸ್, ಇದು ಹೇಗೆ ಅಂದ್ರೆ, ಐದು ಜನ ಸೇರಿ ಒಂದು ಶಾಮಿಯಾನ ಹಿಡ್ಕೊಂಡಿದಾರೆ ಅಂದ್ಕೊಳಿ. ಒಬ್ಬ ಕೈ ಬಿಟ್ರೂ ನಿಲ್ಲತ್ತೆ. ಎರಡನೇವ್ನು ಬಿಟ್ಟ ಅಂದ್ರೆ ಎಲ್ಲಾ ತಲೆ ಮೇಲೆ. ಈಗ ಒಬ್ಬ ಬಿಟ್ಟಾಯ್ತು. ಇನ್ನೊಬ್ಬನ ಕೈ ನಡುಗ್ತಿದೆ."

"ಕೆಟ್ಟದ್ದನ್ನ ತೆಗ್ದು ಹೊಸದು ಹಾಕಿದ್ರೆ?"

"ಹಾಕ್ಬೋದು. ಆದ್ರೆ ಹೊಸದನ್ನ ತುಂಬ್ಸೋಕೆ ಉಳಿದ ನಾಲ್ಕೂ ಮೂರು ದಿನ ಬಿಡದೆ ದುಡೀಬೇಕು. ನಡುಗೋ ಕೈ ಅಷ್ಟು ತಡಿಯಲ್ಲ. ಮೊದ್ಲು ಮುಖ್ಯವಾದ್ದನ್ನ ಆಚೆ ತೆಗ್ದುಬಿಡೋಣ. ಅಂಕಲ್ ಬೇರೆ ಕಡೆ ಎಲ್ಲಾದ್ರೂ ಬ್ಯಾಕಪ್ ಇಟ್ಟಿದಾರಾ?"

ಶೈಲಜಮ್ಮ ಗಂಡನ ಕಡೆ ನೋಡಿದರು. ಅವರನ್ನು ಗಾಲಿಕುರ್ಚಿಯಲ್ಲಿ ಕೋಣೆಯ ಬಾಗಿಲಿಗೆ ತಂದು ಕೂರಿಸಿದ್ದರು.

"ಏನ್ರೀ, ಬೇರೆ ಎಲ್ಲಾದ್ರೂ ಇದ್ಯಾ?"

"ಅದೇ," ಎಂದು ಅವರು ಜೋರಾಗಿ ತಲೆಯಾಡಿಸಿದರು.

"ಇಲ್ವಾ?"

ಮತ್ತೆ ಅಷ್ಟೇ ಜೋರಾಗಿ ತಲೆಯಾಡಿಸಿದರು. ಶೈಲಜಮ್ಮ ವಾಣಿಯ ಕಡೆ ತಿರುಗಿ ಕಣ್ಣಲ್ಲೇ 'ನೋಡಿದೆಯಲ್ಲ' ಎಂದರು. ಕಪಾಟಿನ ಕೆಳಗಿನ ಖಾನೆಯಲ್ಲಿ ದೊಡ್ಡ ಹಾರ್ಡ್ ಡಿಸ್ಕೊಂದು ಸಿಕ್ಕಿತು. ಹೊಚ್ಚ ಹೊಸದು, ಮೇಲಿನ ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ. "ಬ್ಯಾಕಪ್‌ಗೆ ಅಂತ ತಂದಿದಾರೆ, ಮಾಡೋಷ್ಟರಲ್ಲಿ ಹೀಗಾಯ್ತು," ಎಂದರು ಶೈಲಜಮ್ಮ. ವಾಣಿಗೂ ಹಾಗೇ ಅನ್ನಿಸಿತು.

ಪರದೆಯ ಮೇಲೆ ಐದು ಫೋಲ್ಡರುಗಳಿದ್ದವು. ಶರಣ್ಯ. ಮನೆ. ಮದುವೆ-ಮುಂಜಿ. ಮಠ. ಕೊನೆಗೆ, ಇತರೆ.

"ಒಂದೊಂದೇ ತೆಗೀಬೇಕು ಮಿಸ್. ಪೆಟ್ಟಿಗೆ ತುಂಬಾ ನಿಧಾನ ಆಗ್ಬಿಟ್ಟಿದೆ. ಯಾವುದು ಮೊದ್ಲು ಅಂತ ನೀವೇ ಹೇಳಿ. ಎರಡನೇದು ಸಿಗತ್ತೆ ಅಂತ ನಾನು ಮಾತು ಕೊಡಲ್ಲ."

ಯಾವುದು ಮೊದಲು ಎಂದು ಕೇಳುವುದೇ ಶೈಲಜಮ್ಮನಿಗೆ ವಿಚಿತ್ರವಾಗಿ ಕಂಡಿತು. "ಶರಣ್ಯ," ಎಂದರು.

ಆಗ ವೃಷಭೇಂದ್ರಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಬಿದ್ದೇಬಿಡುತ್ತಾರೆಂದು ಇಬ್ಬರೂ ಹೆದರಿ ಅವರನ್ನು ಮೇಜಿನ ಹತ್ತಿರಕ್ಕೆ ತಂದರು. ಅವರು ಎಡಗೈ ಚಾಚಿ, ನಡುಗುವ ಬೆರಳನ್ನು ಪರದೆಗೆ ಒತ್ತಿದರು. ಬೆರಳಿದ್ದದ್ದು ಇತರೆಯ ಮೇಲೆ.

"ಅದೇ," ಎಂದರು.

"ಶರಣ್ಯಾದು ಇಲ್ಲಿದೆ ನೋಡಿ," ಎಂದು ಶೈಲಜಮ್ಮ ಅವರ ಬೆರಳನ್ನು ಹಿಡಿದು ಮೇಲಕ್ಕೆ ಸರಿಸಿದರು. ಅವರು ಕೈ ಕೊಸರಿಕೊಂಡು ಮತ್ತೆ ಇತರೆಯ ಮೇಲೇ ಇಟ್ಟರು. "ಅದೇ, ಅದೇ!" ಎರಡು ಸಲ ಹೀಗಾಯಿತು. ಮೂರನೇ ಸಲ ಅವರ ಕಣ್ಣಲ್ಲಿ ನೀರು ಬಂತು.

ವಾಣಿ ಅನುಮಾನಿಸಿದಳು. "ಮಿಸ್, ಇತರೆ ಚಿಕ್ಕದು. ಐದಾರು ಗಂಟೇಲಿ ಆಗೋಗತ್ತೆ. ಶರಣ್ಯಾದು ಎರಡು ದಿನ ಹಿಡಿಯತ್ತೆ. ಅಂಕಲ್ ಅಷ್ಟು ಕೇಳ್ತಿದಾರೆ, ಇದನ್ನ ಮುಗ್ಸಿ ಅದಕ್ಕೆ ಹೋಗ್ಲಾ?"

"ಆ ಐದು ಗಂಟೇಲಿ ಅದು ಕೆಟ್ಟೋದ್ರೆ? ನನ್ ಮಗಳದ್ದು ಹೋದ್ರೆ ಯಾರು ತಂದ್ಕೊಡ್ತಾರೆ?" ಶೈಲಜಮ್ಮನ ದನಿ ತರಗತಿಯಲ್ಲಿ ಏರುತ್ತಿದ್ದಂತೆ ಏರಿತು. "ಇತರೆ ಅಂದ್ರೆ ಇತರೆ ವಾಣಿ. ಎಲ್ಲೂ ಸೇರದೇ ಇರೋದನ್ನ ಹಾಕಿರ್ತಾರೆ. ಅವ್ರಿಗೆ ಗೊತ್ತಾಗ್ತಿಲ್ಲ, ನಿಂಗೂ ಗೊತ್ತಾಗಲ್ವಾ?"

ವಾಣಿ ಪರದೆಯ ಕಡೆ ತಿರುಗಿದಳು. ಹೊಸ ಡಿಸ್ಕಿನ ಪ್ಲಾಸ್ಟಿಕ್ ಹರಿದು, ಶರಣ್ಯ ಫೋಲ್ಡರನ್ನು ಅದಕ್ಕೆ ಕಾಪಿ ಮಾಡಲು ಹಾಕಿದಳು.

ವೃಷಭೇಂದ್ರಪ್ಪ ಮೇಜನ್ನು ಎಡಗೈಯಿಂದ ಗುದ್ದಿದರು. ಮತ್ತೆ ಮತ್ತೆ ಗುದ್ದಿದರು. ಕಡೆಗೆ ಶೈಲಜಮ್ಮ ಕುರ್ಚಿಯನ್ನು ತಿರುಗಿಸಿ ಮಲಗುವ ಕೋಣೆಗೆ ತಳ್ಳಿಕೊಂಡು ಹೋಗಬೇಕಾಯಿತು. ದಾರಿಯುದ್ದಕ್ಕೂ ಅವರು ಅಳುತ್ತಿದ್ದರು. ಅದೆಲ್ಲ ಕಾಯಿಲೇದು, ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದು ಶೈಲಜಮ್ಮ ತಮಗೆ ತಾವೇ ಹೇಳಿಕೊಂಡರು.

ಎರಡು ದಿನ ವೃಷಭೇಂದ್ರಪ್ಪ ಬಾಯಿಗೆ ಗಂಜಿ ಹೋಗಗೊಡಲಿಲ್ಲ. ತುಟಿ ಬಿಗಿಹಿಡಿದು ಗೋಡೆಯ ಕಡೆ ಮುಖ ಮಾಡಿಕೊಂಡಿದ್ದರು. ಶೈಲಜಮ್ಮ ಅಲ್ಲಿಗೂ ಇಲ್ಲಿಗೂ ಓಡಾಡಿದರು. ಹನ್ನೆರಡು ವರ್ಷ ಒಂದು ಗಳಿಗೆಯೂ ಕೂರದ ಕೋಣೆಯಲ್ಲಿ ಮಗಳ ಕುರ್ಚಿ ಎಳೆದುಕೊಂಡು ಕೂತು, ಪರದೆಯ ಮೇಲೆ ತುಂಬುತ್ತಿದ್ದ ಹಸಿರು ಗೆರೆಯನ್ನು ನೋಡುತ್ತಿದ್ದರು. ನೂರಕ್ಕೆ ಮೂವತ್ತಾಯಿತು, ಅರವತ್ತಾಯಿತು. ಫೈಲುಗಳ ಹೆಸರು ಒಂದೊಂದಾಗಿ ಸರಿದುಹೋಗುತ್ತಿದ್ದವು. ಶರಣ್ಯ ಮೊದಲ ಹಲ್ಲು. ಶರಣ್ಯ ಕಡಲೆಕಾಯಿ ಪರಿಷೆ. ಶರಣ್ಯ ಸೈಕಲ್. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ, ಗೆರೆ ತೊಂಬತ್ತು ದಾಟಿದಾಗ, ಪೆಟ್ಟಿಗೆಯೊಳಗಿಂದ ಕಲ್ಲಿನ ಮೇಲೆ ಉಗುರು ಗೀರಿದಂಥ ಸದ್ದು ಬಂತು. ಎರಡು ಸಲ ಟಕ್ ಟಕ್ ಎಂದಿತು. ಗೆರೆ ನಿಂತಿತು. ಪೆಟ್ಟಿಗೆ ಮತ್ತೆ ಕೂಗತೊಡಗಿತು.

ವಾಣಿ ಅಂಗಡಿ ಮುಚ್ಚಿಕೊಂಡು ಓಡಿಬಂದಳು. ಸಂಜೆವರೆಗೂ ಕೂತು, ಕೊನೆಗೆ ಕೈ ಚೆಲ್ಲಿದಳು. "ಎರಡನೇವ್ನೂ ಕೈಬಿಟ್ಟ ಮಿಸ್. ಉಳಿದಿದ್ದೆಲ್ಲ ಹೋಯ್ತು. ಡಿಸ್ಕುಗಳನ್ನ ಲ್ಯಾಬಿಗೆ ಕಳಿಸ್ತೀನಿ, ಆದ್ರೆ ಒಳಗೆ ಗೀರು ಬಿದ್ದಿರೋ ಹಾಗಿದೆ. ಆಸೆ ಇಟ್ಕೋಬೇಡಿ."

"ಶರಣ್ಯಾದು ಬಹುಪಾಲು ಬಂತಲ್ಲ," ಎಂದರು ಶೈಲಜಮ್ಮ. ಅವರಿಗೆ ಆ ಹೊತ್ತಿನಲ್ಲಿ ಅಷ್ಟೇ ಸಾಕಾಗಿತ್ತು. ಸಾವಿನ ಬಾಯಿಂದ ಮಗಳನ್ನು ಎಳೆದು ತಂದಷ್ಟು ನಿರಾಳವಾಗಿತ್ತು. ಆ ಸಂಜೆ ಮೊದಲ ಬಾರಿಗೆ ಒಂದು ವೀಡಿಯೊ ಹಾಕಿಸಿ ನೋಡಿದರು. ಆರು ವರ್ಷದ ಶರಣ್ಯ ಹೋಳಿಗೆ ಹೂರಣವನ್ನು ಕದ್ದು ತಿನ್ನುತ್ತಿದ್ದಳು. ಎರಡು ನಿಮಿಷಕ್ಕಿಂತ ಹೆಚ್ಚು ನೋಡಲಾಗಲಿಲ್ಲ. ಆದರೂ ನೋಡಿದರು. ಗಂಡನ ಮಗ್ಗುಲಿಗೆ ಹೋಗಿ, "ನಮ್ ಮಗು ಉಳೀತು ಕಣ್ರೀ," ಎಂದು ಕೈ ಹಿಡಿದುಕೊಂಡರು. ಅವರು ಕೈಯನ್ನು ಮೆಲ್ಲನೆ ಬಿಡಿಸಿಕೊಂಡರು.

ಆಗಸ್ಟಿನಲ್ಲಿ ಬದರೀನಾರಾಯಣ ನೋಡಲು ಬಂದರು. ವೃಷಭೇಂದ್ರಪ್ಪನವರ ಐವತ್ತು ವರ್ಷದ ಸ್ನೇಹಿತ, ಮಲ್ಲೇಶ್ವರದವರು. ಮಂಡಿ ಆಪರೇಷನ್ ಆಗಿ ಆರು ತಿಂಗಳು ಮೈಸೂರಿನಲ್ಲಿ ತಂಗಿಯ ಮನೆಯಲ್ಲಿದ್ದು, ಆಗಷ್ಟೇ ಊರಿಗೆ ಮರಳಿದ್ದರು. ಫೋನಿನಲ್ಲಿ ವಾರಕ್ಕೊಮ್ಮೆ ವಿಚಾರಿಸುತ್ತಿದ್ದರು. ಆದರೆ ಅದೆಲ್ಲ ಔಷಧಿ, ಊಟ, ನಿದ್ದೆಯ ಮಾತು. ಗೆಳೆಯನ ಕೈ ಹಿಡಿದು ಕೂತಿದ್ದವರು, ಹೊರಡುವಾಗ ಚೀಲದಿಂದ ದಪ್ಪ ಬಟ್ಟೆಯಲ್ಲಿ ಸುತ್ತಿದ ಒಂದು ವಸ್ತುವನ್ನು ತೆಗೆದರು.

"ಶೈಲಜಾ, ಇದು ನಿಮ್ಮದು. ಜನವರೀಲಿ ಇವ್ನು ತಂದು ನಮ್ಮ ಬೀರೂನಲ್ಲಿ ಇಡ್ಸಿದ್ದ. ನನ್ನ ಆರೋಗ್ಯಾನೂ ಹೀಗಾಗಿದೆ, ನಾಳೆ ಏನೋ ಎಂತೋ. ನಿಮ್ಹತ್ರನೇ ಇರ್ಲಿ."

ಅದೊಂದು ಹಾರ್ಡ್ ಡಿಸ್ಕು. ಮೇಲೆ ಅಂಟಿಸಿದ ಚೀಟಿಯಲ್ಲಿ ಗಂಡನ ದುಂಡನೆಯ ಅಕ್ಷರ: ಶರಣ್ಯ, ಪೂರ್ತಿ.

ಶೈಲಜಮ್ಮ ಚೀಟಿಯನ್ನು ಎರಡು ಸಲ ಓದಿದರು. "ಅಣ್ಣಾ," ಎಂದರು, "ಇತರೆ ಅಂತ ಒಂದಿತ್ತು ಪೆಟ್ಟಿಗೇಲಿ. ಅದ್ರಲ್ಲಿ ಏನಿತ್ತು, ನಿಮ್ಗೇನಾದ್ರೂ ಗೊತ್ತಾ?"

"ಗೊತ್ತಿಲ್ದೇ ಏನು? ಬೀದಿಯವ್ರದ್ದು. ಹತ್ತೊಂಬತ್ತು ಮನೆಯವ್ರು ಹಳೇ ಕ್ಯಾಸೆಟ್ಟು ಕೊಟ್ಟಿದ್ರಲ್ಲ, ಕಂಪ್ಯೂಟರಿಗೆ ಹಾಕ್ಕೊಡಿ ಅಂತ. ನಾನೂ ಕೂತು ಒಂದಷ್ಟು ಹಾಕಿದೀನಿ. ಇವ್ನು ನಂಗೆ, 'ಮಗಳದ್ದು ನಿಮ್ಮನೇಲಿಟ್ಟೆ, ಇನ್ನು ಇತರೇದೊಂದು ಬೇರೆ ಡಿಸ್ಕಿಗೆ ತುಂಬ್ಸಿ ತಂದ್ಕೊಡ್ತೀನಿ, ಬೇರೆಯವ್ರ ವಸ್ತು, ಅದಕ್ಕೆ ಒಂದೇ ಕಾಪಿ ಇದೆ ಅಂತ ನಿದ್ದೆ ಬರಲ್ಲ' ಅಂತಿದ್ದ. ಹೊಸ ಡಿಸ್ಕೂ ತಂದಾಗಿದೆ ಅಂದ. ಯಾಕೆ, ಏನಾಯ್ತು?"

ಶೈಲಜಮ್ಮ ಏನಾಯಿತೆಂದು ಹೇಳಿದರು. ಬದರೀನಾರಾಯಣ ಕೇಳಿಸಿಕೊಂಡು, ಕೋಲೂರಿಕೊಂಡು ಹೊರಟುಹೋದರು.

ಗಂಡ ಮಂಚದ ಮೇಲೆ ಎಚ್ಚರವಾಗಿಯೇ ಇದ್ದರು. ಎಲ್ಲ ಮಾತೂ ಅವರ ಕಿವಿಗೆ ಬಿದ್ದಿತ್ತು. ಶೈಲಜಮ್ಮ ನೆಲದ ಮೇಲೆ ಕುಸಿದು ಮಂಚದ ಪಟ್ಟಿಗೆ ಹಣೆ ಹಚ್ಚಿದರು. "ನೀವು ಸರಿಯಾಗೇ ಹೇಳಿದ್ರಿ. ಮೂರು ಸಲ ಹೇಳಿದ್ರಿ. ನಾನೇ ನಿಮ್ಗೆ ಬುದ್ಧಿ ಇಲ್ಲ ಅಂದ್ಬಿಟ್ಟೆ." ಅವರು ಏನೂ ಅನ್ನಲಿಲ್ಲ, ಆ ಒಂದು ಮಾತನ್ನೂ ಕೂಡ. ಸ್ವಲ್ಪ ಹೊತ್ತಿನ ಮೇಲೆ ಎಡಗೈ ಹೆಂಡತಿಯ ತಲೆಯ ಮೇಲೆ ಬಂದು ಬಿತ್ತು. ಅದು ಸಮಾಧಾನವೋ, ಸುಮ್ಮನೆ ಜಾರಿ ಬಿದ್ದದ್ದೋ ಎಂದು ಕೇಳುವ ಹಕ್ಕು ತಮಗಿಲ್ಲ ಎಂದು ಶೈಲಜಮ್ಮನಿಗೆ ಅನ್ನಿಸಿತು.

ಹತ್ತೊಂಬತ್ತು ಮನೆ ಎಂದಾಗಲೇ ಅವರಿಗೆ ಒಂದು ಮುಖ ನೆನಪಾಗಿತ್ತು. ರಸ್ತೆಯ ತುದಿಯಲ್ಲಿ, ಹೊಂಗೆ ಮರದ ಕೆಳಗೆ ಇಸ್ತ್ರಿ ಗಾಡಿ ಇಟ್ಟಿದ್ದ ಮುನಿಲಕ್ಷ್ಮಮ್ಮ. ಏಪ್ರಿಲ್‌ನಲ್ಲಿ, ಲಕ್ವ ಹೊಡೆದು ತಿಂಗಳೂ ಆಗಿರಲಿಲ್ಲ, ಬಟ್ಟೆ ಕೊಡಲು ಬಂದವಳು ಗೇಟಿನ ಹತ್ತಿರ ನಿಂತು, "ಯಜಮಾನ್ರು ಹೆಂಗವ್ರೆ ಟೀಚರಮ್ಮ? ನಮ್ದೊಂದು ಕ್ಯಾಸೆಟ್ಟು ಅವ್ರತಾವ ಐತೆ. ಟೀವೀಲಿ ನೋಡೋ ಹಂಗೆ ಮಾಡ್ಕೊಡ್ತೀನಿ ಅಂದಿದ್ರು. ಅರ್ಜೆಂಟಿಲ್ಲ, ಹುಷಾರಾಗ್ಲಿ," ಎಂದಿದ್ದಳು. "ಆಮೇಲೆ ನೋಡೋಣ ಮುನಿಲಕ್ಷ್ಮಮ್ಮ," ಎಂದು ಶೈಲಜಮ್ಮ ಗೇಟು ಹಾಕಿದ್ದರು.

ಆ ಕ್ಯಾಸೆಟ್ಟಿನಲ್ಲಿ ಇದ್ದದ್ದು ಏನೆಂದು ಬೀದಿಗೆಲ್ಲ ಗೊತ್ತಿತ್ತು. ಮುನಿಲಕ್ಷ್ಮಮ್ಮನ ಮಗ ಮುನಿರಾಜ ಕಟ್ಟಡಗಳಿಗೆ ಬಣ್ಣ ಹೊಡೆಯುತ್ತಿದ್ದ. ಎಂಟು ವರ್ಷದ ಹಿಂದೆ ನಾಲ್ಕನೇ ಮಹಡಿಯಲ್ಲಿ ಹಗ್ಗ ಕಿತ್ತು ಬಿದ್ದು ಸತ್ತ. ಅವನು ಮಾತಾಡಿದ್ದು ಎಲ್ಲಾದರೂ ಉಳಿದಿದ್ದರೆ ಅದು ಅವನ ತಂಗಿಯ ಮದುವೆಯ ಕ್ಯಾಸೆಟ್ಟಿನಲ್ಲಿ. ವಾದ್ಯದವರ ಮೈಕು ಕಸಿದುಕೊಂಡು, "ಭಾವ, ನಮ್ ತಂಗೀನ ಚೆನ್ನಾಗಿ ನೋಡ್ಕೊಳ್ರಪ್ಪಾ, ಇಲ್ಲಾಂದ್ರೆ ವಾಪಸ್ ಕರ್ಕೊಂಡ್ ಬರ್ತೀನಿ," ಎಂದು ಎಲ್ಲರನ್ನೂ ನಗಿಸಿದ್ದನಂತೆ.

ಮಗಳ ಕೋಣೆಯ ಕಪಾಟಿನಲ್ಲಿ ಹುಡುಕಿದಾಗ ಆ ಕ್ಯಾಸೆಟ್ಟು ಸಿಕ್ಕಿತು. ಚೀಟಿಯಲ್ಲಿ ಬರೆದಿತ್ತು: ಮುನಿಲಕ್ಷ್ಮಮ್ಮ. ಬೂಷ್ಟು ಹಿಡಿದಿದೆ. ಒಂದು ಸಲ ಓಡಿತು, ಕೊನೆಯಲ್ಲಿ ಟೇಪು ಹರಿಯಿತು. ಮತ್ತೆ ಓಡಿಸಬಾರದು. ಶೈಲಜಮ್ಮ ಅದನ್ನು ವಾಣಿಗೆ ತೋರಿಸಿದರು. ವಾಣಿ ಕ್ಯಾಸೆಟ್ಟು ಬಿಚ್ಚಿ ನೋಡಿ, ಟೇಪಿನ ಮೇಲಿನ ಲೇಪವೆಲ್ಲ ಹಪ್ಪಳದಂತೆ ಎದ್ದುಬಂದಿದೆ ಎಂದಳು. ಲ್ಯಾಬಿನಿಂದಲೂ ಅದೇ ವಾರ ಉತ್ತರ ಬಂದಿತ್ತು. ಡಿಸ್ಕಿನಿಂದ ಏನೂ ತೆಗೆಯಲಾಗಲಿಲ್ಲ.

ಹೇಳಬೇಕಾದ್ದನ್ನು ನಾಲ್ಕು ದಿನ ಮುಂದೂಡಿ, ಐದನೇ ದಿನ ಮಧ್ಯಾಹ್ನ ಶೈಲಜಮ್ಮ ಗಾಡಿಯ ಹತ್ತಿರ ಹೋದರು. ಮುನಿಲಕ್ಷ್ಮಮ್ಮ ಯಾರದೋ ಬಿಳಿ ಅಂಗಿಗೆ ನೀರು ಚಿಮುಕಿಸುತ್ತಿದ್ದಳು.

"ಬನ್ನಿ ಟೀಚರಮ್ಮ. ಬಟ್ಟೆ ಇದ್ರೆ ನಾನೇ ಬರ್ತಿರ್ಲಿಲ್ವಾ?"

ಶೈಲಜಮ್ಮ ನಿಂತೇ ಹೇಳಿದರು. ಪೆಟ್ಟಿಗೆ ಕೆಟ್ಟದ್ದು, ಗಂಡ ಬೆರಳಿಟ್ಟು ತೋರಿಸಿದ್ದು, ಐದಾರು ಗಂಟೆ ಸಾಕೆಂದು ವಾಣಿ ಅಂದರೂ ತಾವು ಕೇಳದೇ ಹೋದದ್ದು. ತಮ್ಮ ತಪ್ಪನ್ನು ಪೆಟ್ಟಿಗೆಯ ಮೇಲೆ ಹಾಕಲಿಲ್ಲ. ಹೇಳಿ ಮುಗಿಸುವವರೆಗೂ ಮುನಿಲಕ್ಷ್ಮಮ್ಮ ಇಸ್ತ್ರಿ ಪೆಟ್ಟಿಗೆಯನ್ನು ಒಂದೇ ತೋಳಿನ ಮೇಲೆ ಹಿಂದೆ ಮುಂದೆ ಓಡಿಸುತ್ತಿದ್ದಳು.

"ಐದ್ ಗಂಟೆ ಸಾಕಿತ್ತಾ ನಮ್ದಕ್ಕೆ?" ಎಂದು ಕೇಳಿದಳು.

"ಎಲ್ಲರದ್ದೂ ಸೇರಿ ಐದಾರು ಗಂಟೆ."

"ನಿಮ್ ಮಗೀದು?"

"ಇದೆ."

"ಪೂರ್ತಿ ಐತಾ?"

ಶೈಲಜಮ್ಮನಿಗೆ ಸುಳ್ಳು ಹೇಳಬೇಕೆನ್ನಿಸಿತು. ಹೇಳಲಿಲ್ಲ. "ಪೂರ್ತಿ ಇದೆ. ಮುಂಚೇನೂ ಇತ್ತು, ಈಗ ಎರಡೆರಡು ಇದೆ."

ಮುನಿಲಕ್ಷ್ಮಮ್ಮ ಅಂಗಿಯನ್ನು ಮಡಚಿದಳು. ಕಾಲರು ನೇರ ಮಾಡಿ, ಮಡಿಕೆಯ ಮೇಲೆ ಅಂಗೈ ಸವರಿ, ಬೇರೆ ಬಟ್ಟೆಗಳ ಮೇಲಿಟ್ಟಳು.

"ನಿಮ್ಗೂ ಗೊತ್ತಲ್ಲ ಟೀಚರಮ್ಮ, ಅದೆಂಗಿರ್ತದೆ ಅಂತ," ಎಂದಳು. "ಗೊತ್ತಿರೋರೇ ಹಿಂಗ್ ಮಾಡುದ್ರಲ್ಲ."

"ಕ್ಯಾಸೆಟ್ಟು ತಂದಿದೀನಿ."

"ಅದ್ನ ಇಕ್ಕಂಡು ಏನ್ ಮಾಡ್ಲಿ?" ಎಂದಳು. ಆದರೂ ಸೆರಗಿನಲ್ಲಿ ಕೈ ಒರೆಸಿಕೊಂಡು ಅದನ್ನು ಇಸಿದುಕೊಂಡಳು. ಗಾಡಿಯ ಕೆಳಗಿನ ಗೂಡಿನಲ್ಲಿ, ತನ್ನ ಊಟದ ಡಬ್ಬಿಯ ಪಕ್ಕ ಇಟ್ಟಳು. "ಹೋಗ್ಬನ್ನಿ," ಎಂದಳು.

ಅಂದಿನಿಂದ ಅವಳು ಆ ಮನೆಯ ಬಟ್ಟೆಗೆ ಬರಲಿಲ್ಲ. ಶೈಲಜಮ್ಮನೂ ಕರೆಯಲಿಲ್ಲ.

ಉಳಿದ ಹದಿನೆಂಟು ಮನೆಗೂ ಅವರು ಒಬ್ಬರೇ ಹೋದರು. ಕೆಲವರು "ಅಯ್ಯೋ ಬಿಡಿ ಮಿಸ್, ಯಾರ್ ನೋಡ್ತಾರೆ ಈಗ," ಎಂದರು. ಒಬ್ಬರು ಗೇಟಿನಲ್ಲೇ ನಿಲ್ಲಿಸಿ ಕೂಗಾಡಿದರು. ಹದಿಮೂರು ಮನೆಯಲ್ಲಿ ಮೂಲ ಕ್ಯಾಸೆಟ್ಟು ಅಟ್ಟದ ಮೇಲೆ ಇನ್ನೂ ಇತ್ತು. ಐದು ಮನೆಯವರು, ಕಂಪ್ಯೂಟರಿಗೆ ಹೋಯಿತಲ್ಲ ಎಂದು ಎಸೆದುಬಿಟ್ಟಿದ್ದರು. ಇದ್ದವರಿಂದ ಶೈಲಜಮ್ಮ ಮತ್ತೆ ಕೇಳಿ ಇಸಿದುಕೊಂಡರು. ಅರವತ್ತಮೂರನೇ ವಯಸ್ಸಿನಲ್ಲಿ, ಗಂಡನ ಹಳೆಯ ಯಂತ್ರದಲ್ಲಿ ಕ್ಯಾಸೆಟ್ಟು ಓಡಿಸಿ ಕಂಪ್ಯೂಟರಿಗೆ ಹಾಕುವುದನ್ನು ವಾಣಿಯಿಂದ ಕಲಿತರು. ಒಂದು ಕ್ಯಾಸೆಟ್ಟು ಮುಗಿದರೆ ಮೂರು ಕಾಪಿ: ಒಂದು ಮನೆಗೆ, ಒಂದು ವಾಣಿಯ ಅಂಗಡಿಗೆ, ಒಂದು ಬದರೀನಾರಾಯಣರ ಬೀರುವಿಗೆ. ಮೂರೂ ತೆರೆದು ಓಡುತ್ತವೆಯೇ ಎಂದು ನೋಡಿದ ಮೇಲೇ ಮುಂದಿನದು. ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಅವರು ಎಡಗೈ ಎತ್ತಿದರೆ ಯಂತ್ರ ನಿಲ್ಲಿಸಿ, ಏನು ತಪ್ಪಾಗಿದೆಯೆಂದು ಹುಡುಕುತ್ತಿದ್ದರು. ಹೆಚ್ಚು ಸಲ ಏನಾದರೊಂದು ತಪ್ಪಾಗಿಯೇ ಇರುತ್ತಿತ್ತು.

ಕ್ಯಾಸೆಟ್ಟು ಓಡುವಾಗ ಶೈಲಜಮ್ಮ ಬೇರೊಂದು ಕೆಲಸವನ್ನೂ ಮಾಡುತ್ತಿದ್ದರು. ಒಂದೇ ಬೀದಿಯ ಮದುವೆ, ಗೃಹಪ್ರವೇಶಗಳು. ಯಾರದೋ ಊಟದ ಪಂಕ್ತಿಯಲ್ಲಿ, ಯಾರದೋ ಮೆರವಣಿಗೆಯ ಹಿಂದೆ ಮುನಿರಾಜ ಇದ್ದೇ ಇರಬೇಕು. ಕಣ್ಣು ಉರಿಯುವವರೆಗೆ ಒಂದೊಂದು ಮುಖವನ್ನೂ ನೋಡಿದರು.

ಡಿಸೆಂಬರ್‌ನಲ್ಲಿ, ಎದುರು ಸಾಲಿನ ಮುನಿಸ್ವಾಮಿಯವರ ಗೃಹಪ್ರವೇಶದ ಕ್ಯಾಸೆಟ್ಟಿನಲ್ಲಿ ಒಬ್ಬ ಯುವಕ ಕಂಡ. ತೆಳ್ಳನೆಯ ಮೈ, ನೀಲಿ ಅಂಗಿ. ನಾಲ್ಕು ಕುರ್ಚಿಗಳನ್ನು ಒಂದರ ಮೇಲೊಂದಿಟ್ಟು ಹೊತ್ತುಕೊಂಡು ಹೋಗುತ್ತ, ಯಾರೋ ಕರೆದದ್ದಕ್ಕೆ ಅರ್ಧ ತಿರುಗಿ ನಕ್ಕ. ಒಟ್ಟು ಆರು ಸೆಕೆಂಡು. ಶೈಲಜಮ್ಮ ಆ ತುಣುಕನ್ನು ಮೊಬೈಲಿಗೆ ಹಾಕಿಸಿಕೊಂಡು, ಮರುದಿನ ಬೆಳಿಗ್ಗೆ ಗಾಡಿಯ ಹತ್ತಿರ ಹೋದರು. ನಾಲ್ಕು ತಿಂಗಳ ಮೇಲೆ ಮೊದಲ ಸಲ.

ಮುನಿಲಕ್ಷ್ಮಮ್ಮ ಕೂತುಕೊಳ್ಳಿ ಎನ್ನಲಿಲ್ಲ. ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ನೋಡಿದಳು. "ಇನ್ನೊಂದ್ಸಲ ಹಾಕಿ," ಎಂದಳು. ಬಿಸಿಲಿಗೆ ಬೆನ್ನು ತಿರುಗಿಸಿ, ಸೆರಗು ಮರೆಮಾಡಿ ಮೂರನೇ ಸಲ ನೋಡಿದಳು.

"ಇವ್ನು ನಮ್ಮೋನಲ್ಲ," ಎಂದಳು ಮುನಿಲಕ್ಷ್ಮಮ್ಮ.

"ಸರಿಯಾಗಿ ನೋಡಿ ಮುನಿಲಕ್ಷ್ಮಮ್ಮ. ನಗು..."

"ನಮ್ಮೋನ ಕಿವಿ ಹಿಂಗಿರ್ಲಿಲ್ಲ. ಇವ್ನು ಯಾರೋ ಶಾಮಿಯಾನದೋರ ಹುಡ್ಗ." ಮೊಬೈಲನ್ನು ಹಿಂದಕ್ಕೆ ಕೊಟ್ಟಳು. ಅವಳ ಕಣ್ಣು ಒಣಗಿತ್ತು. "ಇವ್ನಿಗೂ ತಾಯಿ ಇರ್ತಾಳೆ. ಅಳಿಸ್ಬೇಡಿ ಇದನ್ನ."

"ಅಳಿಸಲ್ಲ."

ಶೈಲಜಮ್ಮ ಹೊರಡಲು ತಿರುಗಿದರು. ನಾಲ್ಕು ಹೆಜ್ಜೆ ಹೋಗಿದ್ದರು, ಹಿಂದಿನಿಂದ ದನಿ ಬಂತು.

"ಟೀಚರಮ್ಮ, ಇನ್ನೂ ಎಷ್ಟ್ ಐತೆ ನೋಡಾದು?"

"ಆರು ಮನೇದಿದೆ."

ಮುನಿಲಕ್ಷ್ಮಮ್ಮ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ, ತಳದ ಬಿಸಿಯನ್ನು ಒದ್ದೆ ಬೆರಳಿನಿಂದ ಮುಟ್ಟಿ ನೋಡಿದಳು. "ನೋಡಿ ಮತ್ತೆ," ಎಂದಳು. "ಎಲ್ಲಾದ್ರೂ ಬೆನ್ನು ಕಂಡ್ರೂ ಹೇಳಿ."

ಮನೆಗೆ ಬಂದು ಶೈಲಜಮ್ಮ ಗಂಡನಿಗೆ ಗಂಜಿ ಕುಡಿಸಿ, ಬಾಯಿ ಒರೆಸಿ, ಕುರ್ಚಿಯನ್ನು ಯಂತ್ರದ ಪಕ್ಕಕ್ಕೆ ತಂದು ನಿಲ್ಲಿಸಿದರು. ಏಳನೇ ಮನೆಯ ಕ್ಯಾಸೆಟ್ಟು ಇನ್ನೂ ಅರ್ಧ ಉಳಿದಿತ್ತು.